ಇಲಿಯ 'ಇ', ಎಲೆಯ 'ಎ' : ಗಡಿಯಾಚೆಯ ಕನ್ನಡ ಮಕ್ಕಳ ಅಕ್ಷರಪಾಠ – ಒಂದು ವಿಮರ್ಶೆ

ಕನ್ನಡ ಉಪಭಾಷೆಗಳ ವರ್ಣನೆಗೆ ಒಂದು ಒಳ್ಳೆಯ ಪರಂಪರೆಯೇ ಇದೆ. ಪುಣೆಯ ಡೆಕ್ಕನ್ ಕಾಲೇಜು 1960ರ ದಶಕದಲ್ಲಿ ಪ್ರಕಟಿಸಿದ ನಂಜನಗೂಡು ಕನ್ನಡ, ಗುಲ್ಬರ್ಗಾ ಕನ್ನಡ, ಹಾಲಕ್ಕಿ ಕನ್ನಡಗಳ ಅಧ್ಯಯನಗಳಿಂದ ಮೊದಲುಗೊಂಡು ಇಂದಿನವರೆಗೆ ಧ್ವನಿಮಾಗಳ ಪಟ್ಟಿ, ವಿಭಕ್ತಿ ಪ್ರತ್ಯಯಗಳ ಪಟ್ಟಿ, ಬಂಧುವಾಚಕಗಳ ಪಟ್ಟಿ ಇವೆಲ್ಲ ನಮ್ಮಲ್ಲಿ ಬೇಕಾದಷ್ಟು ಕೂಡಿವೆ. ಇನ್ನೊಂದು ಕಡೆ ಅಂಕಲಿಪಿ ಇದೆ, ಬಾಲಬೋಧೆ ಇದೆ, ಆಯಾ ರಾಜ್ಯ ಸರಕಾರಗಳು ಅಚ್ಚು ಹಾಕಿಸುವ ಒಂದನೆಯ ತರಗತಿಯ ಕನ್ನಡ ಪುಸ್ತಕ ಇದೆ. ಈ ಎರಡು ಕಡೆಯವರು ಪರಸ್ಪರ ಮಾತಾಡಿಸಿದ್ದು ಬಹಳ ಕಡಿಮೆ. ಧ್ವನಿಮಾ ಪಟ್ಟಿಯನ್ನೂ ಅಂಕಲಿಪಿಯನ್ನೂ ಒಂದೇ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ನೋಡಿದರೆ ಏನು ಕಾಣುತ್ತದೆ ಎಂಬುದೇ ಪ್ರಸ್ತುತ ಲೇಖನದ ವಿಷಯ. ನೋಡುವ ಜಾಗ ಮಾತ್ರ ಬೆಂಗಳೂರಲ್ಲ, ಧಾರವಾಡವೂ ಅಲ್ಲ. ಕಾಸರಗೋಡು, ತಾಳವಾಡಿ, ಹೊಸೂರು, ಅಕ್ಕಲಕೋಟೆ, ಜತ್ತ, ರಾಯದುರ್ಗ.

ಮೊದಲು ಒಂದು ಇಲಿಯನ್ನು ನೋಡೋಣ. ಕನ್ನಡದ ಯಾವುದೇ ಅಕ್ಷರಮಾಲೆಯ ಪಟದಲ್ಲಿ 'ಇ' ಅಕ್ಷರದ ಪಕ್ಕ ಇಲಿ ಕುಳಿತಿರುತ್ತದೆ. 'ಎ' ಅಕ್ಷರದ ಪಕ್ಕ ಎಲೆ. ಚಿತ್ರ ನೋಡಿ ಮಗು ಹೆಸರು ಹೇಳಬೇಕು, ಹೆಸರಿನ ಮೊದಲ ಧ್ವನಿಯೇ ಆ ಅಕ್ಷರದ ಹೆಸರು, ಇದು ಲೆಕ್ಕ. ಲೆಕ್ಕ ಸರಿಯಾಗಿದೆ. ಆದರೆ ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಕುಳಿತ ತುಳು ಮನೆಯ ಮಗುವಿಗೆ ಆ ಪ್ರಾಣಿ 'ಎಲಿ'. ಮಲಯಾಳಂ ಮನೆಯ ಮಗುವಿಗೂ 'ಎಲಿ'. ಹೊಸೂರಿನಲ್ಲಿ ತಮಿಳು ಬಲ್ಲ ಮಗುವಿಗೂ 'ಎಲಿ', ತೆಲುಗು ಬಲ್ಲದ್ದಕ್ಕೆ 'ಎಲುಕ'. ಇನ್ನು ಎಲೆಯ ಚಿತ್ರಕ್ಕೆ ಬಂದರೆ ತುಳುವಿನಲ್ಲಿ 'ಇರೆ', ಮಲಯಾಳಂನಲ್ಲಿ 'ಇಲ', ತಮಿಳಿನಲ್ಲಿ 'ಇಲೈ'. ಅಂದರೆ ನಮ್ಮ ಪಟದಲ್ಲಿ 'ಇ' ಇರುವಲ್ಲಿ ಅವರ ಬಾಯಲ್ಲಿ 'ಎ', 'ಎ' ಇರುವಲ್ಲಿ 'ಇ'. ಎರಡು ಚಿತ್ರಗಳು ಅಡ್ಡಡ್ಡ ಸ್ಥಳ ಬದಲಾಯಿಸಿಕೊಂಡಿವೆ. ಅಕ್ಕಲಕೋಟೆಗೆ ಹೋದರೆ ಇನ್ನೂ ಒಂದು ತಿರುವು. ಅಲ್ಲಿ ಪದದ ಕೊನೆಯ 'ಎ' ಕಾರ 'ಇ' ಆಗುವುದರಿಂದ ಮನೆ 'ಮನಿ' ಆದಂತೆ ಎಲೆ 'ಎಲಿ' ಆಗುತ್ತದೆ. ಕಾಸರಗೋಡಿನಲ್ಲಿ 'ಎಲಿ' ಅಂದರೆ ಬಿಲದೊಳಗೆ ಓಡುತ್ತದೆ, ಅಕ್ಕಲಕೋಟೆಯಲ್ಲಿ 'ಎಲಿ' ಅಂದರೆ ಗಿಡದ ಮೇಲೆ ಇರುತ್ತದೆ. ಅಲ್ಲಿಯ ಮರಾಠಿ ಬಲ್ಲ ಮಗು ಇಲಿಯ ಚಿತ್ರ ಕಂಡು 'ಉಂದೀರ' ಅಂದರೆ ಅದು 'ಉ' ಅಕ್ಷರದ ಮನೆಗೇ ಹೋಯಿತು.

ಇದು ಆಕಸ್ಮಿಕವಲ್ಲ, ಇದಕ್ಕೆ ಭಾಷೆಯ ಚರಿತ್ರೆಯಲ್ಲೇ ಕಾರಣವಿದೆ. ಮುಂದಿನ ಅಕ್ಷರದಲ್ಲಿ ಇ, ಉ ಇದ್ದಾಗ ಹಿಂದಿನ ಎ, ಒಗಳನ್ನು ಇ, ಉಗಳಾಗಿ ಏರಿಸುವುದು ಕನ್ನಡದ ಒಂದು ಹಳೆಯ ಧ್ವನಿಬದಲಾವಣೆ. ಹಾಗಾಗಿ 'ಎಲಿ' ನಮ್ಮಲ್ಲಿ 'ಇಲಿ' ಆಯಿತು. ಮುಂದೆ ಅಕಾರವಿದ್ದ ಕಡೆ ಕನ್ನಡ 'ಎ' ಇಟ್ಟುಕೊಂಡಿತು, ತಮಿಳು ಮಲಯಾಳಂಗಳು 'ಇ' ಮಾಡಿಕೊಂಡವು. ದ್ರಾವಿಡ ಭಾಷಾವಿಜ್ಞಾನದ ಪಾಠದಲ್ಲಿ ಇದನ್ನು ನಾವು ಎಂ.ಎ. ವಿದ್ಯಾರ್ಥಿಗಳಿಗೆ ಹೇಳುತ್ತೇವೆ. ಒಂದನೆಯ ತರಗತಿಯ ಮಾಸ್ತರರಿಗೆ ಯಾರೂ ಹೇಳಿಲ್ಲ. ಅವರಿಗೆ ಕಾಣುವುದು 'ಇ' ತೋರಿಸಿದರೆ 'ಎ' ಅನ್ನುವ ಹುಡುಗ. ಒಂದು ವಾರ ನೋಡಿ, ಎರಡು ವಾರ ನೋಡಿ, "ಇವನಿಗೆ ಅಕ್ಷರ ತಲೆಗೆ ಹತ್ತೋದಿಲ್ಲ" ಅಂತ ಹಿಂದಿನ ಸಾಲಿಗೆ ಕೂರಿಸುವುದು ಸಹಜ. ತಪ್ಪು ಮಾಸ್ತರರದ್ದೂ ಅಲ್ಲ, ಮಗುವಿನದ್ದೂ ಅಲ್ಲ; ಪಟ ಮಾಡಿದವರು ಗಡಿಯಾಚೆಯ ಮನೆಮಾತನ್ನು ನೆನೆಯಲಿಲ್ಲ, ಅಷ್ಟೆ.

'ಆ - ಆನೆ' ಇದಕ್ಕಿಂತ ಪುಣ್ಯವಂತ ಅಕ್ಷರ. ತುಳುವಿನಲ್ಲಿ ಆನೆ, ಮಲಯಾಳಂನಲ್ಲಿ ಆನ, ತಮಿಳಿನ ಆಡುಮಾತಿನಲ್ಲೂ ಆನೆಗೆ ಹತ್ತಿರ. ತೆಲುಗಿನ 'ಏನುಗು', ಮರಾಠಿಯ 'ಹತ್ತಿ' ಇರುವ ಕಡೆ ಮಾತ್ರ ತೊಡಕು. 'ಅ - ಅಗಸ' ತುಳುನಾಡಿನ ಕಡೆ ಕೆಲಸಕ್ಕೆ ಬಾರದು. ಬಟ್ಟೆ ಒಗೆಯುವವನ ಚಿತ್ರ ಕಂಡರೆ ಅಲ್ಲಿ 'ಮಡಿವಾಳ' ಅನ್ನುತ್ತಾರೆ. ಜಾತಿಸೂಚಕವೆಂಬ ಕಾರಣಕ್ಕಾಗಿ ಆ ಪದವನ್ನು ಕೈಬಿಡಬೇಕೆಂಬ ವಾದ ಬೇರೆಯೇ ಇದೆ, ಅದೂ ನ್ಯಾಯವಾದದ್ದೇ.

ಇಲ್ಲಿ ಒಂದು ಸಾಮಾನ್ಯ ನಂಬಿಕೆಯನ್ನು ಪರೀಕ್ಷಿಸಬೇಕಾಗಿದೆ. ಇಂಗ್ಲಿಷಿನಲ್ಲಿ ಅಕ್ಷರದ ಹೆಸರು ಬೇರೆ, ಧ್ವನಿ ಬೇರೆ. 'ಡಬ್ಲ್ಯೂ' ಎಂಬ ಹೆಸರಿನಲ್ಲಿ ಅದರ ಧ್ವನಿಯೇ ಇಲ್ಲ. ಕನ್ನಡದಲ್ಲಿ ಆ ಪಾಡಿಲ್ಲ, 'ಕ' ಎಂಬ ಅಕ್ಷರದ ಹೆಸರೂ 'ಕ', ಧ್ವನಿಯೂ 'ಕ', ಆದ್ದರಿಂದ ಕನ್ನಡ ಕಲಿಸೋದು ಸುಲಭ ಎಂದು ನಾವೆಲ್ಲ ಹೆಮ್ಮೆಯಿಂದ ಹೇಳುತ್ತ ಬಂದಿದ್ದೇವೆ. ಇದು ಅರ್ಧ ಸತ್ಯ. 'ಕಮಲ' ಎಂಬ ಪದದ ಮಟ್ಟಿಗೆ ಪೂರ್ತಿ ಸತ್ಯ. 'ಕಿವಿ'ಗೆ ಬಂದೊಡನೆ ಆ ಹೆಸರಿನೊಳಗಿನ 'ಅ' ಮಾಯವಾಗುತ್ತದೆ. ಆಗ ಮಗುವಿಗೆ ಸಿಗುವುದು ಇನ್ನೊಂದು ಬಗೆಯ ಹೆಸರುಗಳ ಸರಣಿ: ತಲೆಕಟ್ಟು, ಇಳಿ, ಗುಡಿಸು, ಗುಡಿಸಿನ ದೀರ್ಘ, ಕೊಂಬು, ಕೊಂಬಿನ ದೀರ್ಘ, ವಟ್ರಸುಳಿ, ಏತ್ವ, ಐತ್ವ, ಓತ್ವ, ಔತ್ವ. ಈ ಹೆಸರುಗಳನ್ನು ಸ್ವಲ್ಪ ನಿಂತು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಮೊದಲ ಭಾಗದವು ಆಕಾರದ ಹೆಸರುಗಳು: ತಲೆಗೆ ಕಟ್ಟಿದ್ದು, ಕೆಳಗಿಳಿದದ್ದು, ಕೊಂಬಿನಂತೆ ಚಾಚಿದ್ದು, ಸುಳಿ ಸುತ್ತಿದ್ದು. ಇವು ಕೈಗೆ ಹೇಳುವ ಮಾತು. 'ಏತ್ವ'ದಿಂದ ಮುಂದಿನವು ಧ್ವನಿಯ ಹೆಸರುಗಳು, ಅಂದರೆ ಕಿವಿಗೆ ಹೇಳುವ ಮಾತು. ದಾರಿಯ ಮಧ್ಯದಲ್ಲಿ ಕೈಯಿಂದ ಕಿವಿಗೆ ಹೊರಳಿದ್ದೇವೆ ಎಂಬುದು ನಮ್ಮ ಗಮನಕ್ಕೇ ಬಂದಿಲ್ಲ, ಯಾಕೆಂದರೆ ಎಲ್ಲವನ್ನೂ ಬಾಯಿಪಾಠ ಮಾಡಿದವರು ನಾವು.

ಕೂಲಿಮಠದ ಕಾಲದಲ್ಲಿ ಈ ಹೆಸರುಗಳಿಗೆ ಅರ್ಥವಿತ್ತು. ಮರಳಿನ ಮೇಲೆ ಬೆರಳಿಟ್ಟು ತಿದ್ದುವ ಮಗುವಿಗೆ 'ಕೊಂಬು' ಅಂದರೆ ಬೆರಳು ಯಾವ ಕಡೆ ಹೋಗಬೇಕು ಅಂತ ತಿಳಿಯುತ್ತಿತ್ತು. ಓದುವುದಕ್ಕಿಂತ ಬರೆಯುವುದು ಮೊದಲಾಗಿದ್ದ ಪದ್ಧತಿ ಅದು. 'ಓನಾಮ ತಿದ್ದು' ಎಂಬ ಮಾತಿನಲ್ಲೇ ಅದು ಉಳಿದಿದೆ. ಹಾಗಾಗಿ ಈ ಹೆಸರುಗಳನ್ನು ಹಳೆಯ ಕಸವೆಂದು ಎಸೆಯುವವರ ಜೊತೆ ನಾನಿಲ್ಲ. ಆದರೆ ಗಡಿಯಾಚೆ ಇವೇ ಹೆಸರುಗಳು ಪಕ್ಕದ ಭಾಷೆಯ ಹೆಸರುಗಳಿಗೆ ಡಿಕ್ಕಿ ಹೊಡೆಯುತ್ತವೆ, ಅಥವಾ ಕೈ ಹಿಡಿಯುತ್ತವೆ. ಯಾವುದು ಎಲ್ಲಿ ಎಂಬುದೇ ಮುಖ್ಯ.

ರಾಯದುರ್ಗ, ಆದವಾನಿ ಕಡೆ ಅವು ಕೈ ಹಿಡಿಯುತ್ತವೆ. 1953ರ ಅಕ್ಟೋಬರಿನಲ್ಲಿ ಬಳ್ಳಾರಿ ಜಿಲ್ಲೆ ಒಡೆದು ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು. ಆದರೆ ಅಕ್ಷರದ ಪರಿಭಾಷೆ ಒಡೆಯಲಿಲ್ಲ. ತೆಲುಗಿನ ಗುಣಿಂತದಲ್ಲಿ ತಲಕಟ್ಟು, ದೀರ್ಘಮು, ಗುಡಿ, ಗುಡಿದೀರ್ಘಮು, ಕೊಮ್ಮು, ಕೊಮ್ಮುದೀರ್ಘಮು, ಎತ್ವಮು, ಐತ್ವಮು ಅನ್ನುತ್ತಾರೆ. ಹೆಸರೂ ಒಂದೇ, ಸ್ಥಳವೂ ಬಹುಪಾಲು ಒಂದೇ. ತೆಲುಗಿನ ತಲಕಟ್ಟು ಟಿಕ್ ಹಾಕಿದ ಹಾಗೆ, ನಮ್ಮದು ಅಡ್ಡಗೆರೆ ಎಳೆದು ತುದಿ ಬಾಗಿಸಿದ ಹಾಗೆ. ಇಷ್ಟನ್ನು ಒಂದು ದಿನ ಹೇಳಿಕೊಟ್ಟರೆ ತೆಲುಗು ಓದಿದ ಮಗು ಕನ್ನಡ ಕಾಗುಣಿತವನ್ನು ಮೊದಲಿನಿಂದ ಬಾಯಿಪಾಠ ಮಾಡಬೇಕಾಗಿಲ್ಲ. ಆದರೂ 34 ವ್ಯಂಜನ, ಒಂದೊಂದಕ್ಕೆ 15 ರೂಪ, ಒಟ್ಟು 510 ಗುಣಿತಾಕ್ಷರಗಳನ್ನು ಮತ್ತೆ ಮೊದಲಿಂದ ಬರೆಸುವ ರೂಢಿ ಇದೆ.

ತಮಿಳುನಾಡಿನ ಕಡೆ ಡಿಕ್ಕಿ. ತಮಿಳು ಅಕ್ಷರಪಾಠದಲ್ಲಿಯೂ 'ಕೊಂಬು' ಇದೆ. ಆದರೆ ಅಲ್ಲಿ ಅಕ್ಷರದ ಎಡಗಡೆ ಬರುವ ಎಕಾರದ ಚಿಹ್ನೆ 'ಒಟ್ರೈಕ್ಕೊಂಬು', ಏಕಾರದ್ದು 'ಇರಟ್ಟೈಕ್ಕೊಂಬು'. ತಾಳವಾಡಿಯ ಮಗು ಬೆಳಗ್ಗೆ ಕನ್ನಡದ ತರಗತಿಯಲ್ಲಿ 'ಕ ಕೊಂಬು ಕು' ಅಂತ ಹೇಳಿ, ಮಧ್ಯಾಹ್ನ ತಮಿಳು ತರಗತಿಯಲ್ಲಿ ಅದೇ ಕೊಂಬಿಗೆ 'ಕೆ' ಅನ್ನಬೇಕು. ಹೆಸರು ಒಂದು, ಧ್ವನಿ ಎರಡು. ಎರಡೂ ತರಗತಿಯ ಗುರುಗಳು ತಮ್ಮ ತಮ್ಮ ಮಟ್ಟಿಗೆ ಸರಿ. ಇಬ್ಬರೂ ಒಮ್ಮೆ ಕೂತು ಮಾತಾಡಿದ್ದರೆ ಒಬ್ಬರಾದರೂ 'ಉಕಾರದ ಗುರುತು' ಎಂದು ಬೇರೆ ಹೆಸರು ಬಳಸಬಹುದಿತ್ತು.

ಮಹಾರಾಷ್ಟ್ರದ ಗಡಿಯಲ್ಲಿ ವಿಷಯ ಇನ್ನೂ ಸೂಕ್ಷ್ಮ. ಮರಾಠಿಯ ಬಾರಾಖಡಿ ಹೆಸರೇ ಹೇಳುವಂತೆ 12ರ ಸಾಲು. ಕನ್ನಡದ ಕಾಗುಣಿತ 15ರ ಸಾಲು. ಈ ಮೂರರ ವ್ಯತ್ಯಾಸದಲ್ಲಿ ಒಂದು 'ಕೃ'. ಅದು ದೊಡ್ಡ ವಿಷಯವಲ್ಲ. ಉಳಿದ ಎರಡು ಎ-ಏ, ಒ-ಓಗಳ ಹ್ರಸ್ವದೀರ್ಘ ಭೇದ. ದೇವನಾಗರಿಯ ಮರಾಠಿ ಬರಹಕ್ಕೆ ಈ ಭೇದ ಬೇಕಾಗಿಲ್ಲ. ಕನ್ನಡಕ್ಕೆ ಬೇಕೇ ಬೇಕು. ಗ್ರಂಥಸ್ಥ ಕನ್ನಡದ 'ಕೆರೆ', 'ಕೇರಿ' ಎಂಬ ಎರಡು ಪದಗಳನ್ನು ತೆಗೆದುಕೊಳ್ಳಿ. ಮೈಸೂರಿನ ಮಗುವಿಗೆ ಅವುಗಳಲ್ಲಿ ಎರಡು ಕಡೆ ವ್ಯತ್ಯಾಸ ಕೇಳಿಸುತ್ತದೆ: ಮೊದಲ ಸ್ವರದ ಉದ್ದದಲ್ಲಿ, ಕೊನೆಯ ಸ್ವರದ ಗುಣದಲ್ಲಿ. ಅಕ್ಕಲಕೋಟೆಯಲ್ಲಿ ಕೆರೆ 'ಕೆರಿ' ಆಗಿರುವುದರಿಂದ ಕೆರಿ-ಕೇರಿಗಳ ನಡುವೆ ಉಳಿಯುವುದು ಸ್ವರದ ಉದ್ದ ಒಂದೇ. ಆ ಮಗುವಿನ ಮಾತಿನಲ್ಲಿ ಅರ್ಥವನ್ನು ಹೊತ್ತು ನಿಂತಿರುವ ಆ ಒಂದೇ ವ್ಯತ್ಯಾಸವನ್ನು ಅದು ಮರಾಠಿ ತರಗತಿಯಲ್ಲಿ ಕಲಿಯುವ ಲಿಪಿ ತೋರಿಸುವುದೇ ಇಲ್ಲ. ಒಲೆ-ಓಲೆಗಳದ್ದೂ ಇದೇ ಕತೆ, ಅವರ ಬಾಯಲ್ಲಿ ಒಲಿ-ಓಲಿ. ಹಾಗಿರುವಾಗ ಸೊಲ್ಲಾಪುರ ಕಡೆಯ ಮಗುವಿಗೆ ಏತ್ವ, ಏತ್ವದ ದೀರ್ಘಗಳನ್ನು ಎಂಟನೆಯ, ಒಂಬತ್ತನೆಯ ಸಾಲಿಗೆ ಬರುವ ತನಕ ಕಾಯಿಸುವುದು ಯಾವ ನ್ಯಾಯ? ಅಲ್ಲಿ ಇವು ಮೊದಲ ತಿಂಗಳ ಪಾಠ ಆಗಬೇಕು. ವಟ್ರಸುಳಿ ಕಾದರೂ ನಡೆದೀತು.

ಅಲ್ಲಿಯ ಇನ್ನೊಂದು ತೊಡಕು ಅಕ್ಷರದ ಹೆಸರಿಗೇ ಸಂಬಂಧಿಸಿದ್ದು. ದೇವನಾಗರಿಯಲ್ಲಿಯೂ 'ರ' ಅಕ್ಷರದ ಹೆಸರು 'ರ'ವೇ. ಆದರೆ ಮರಾಠಿಯಲ್ಲಿ ಪದದ ಕೊನೆಯ ಅಕಾರ ಉಚ್ಚಾರವಾಗುವುದಿಲ್ಲ. 'ಘರ' ಅಂತ ಬರೆದು 'ಘರ್' ಅಂತ ಓದುತ್ತಾರೆ. ಕನ್ನಡದಲ್ಲಿ ಬರೆದ ಅಕಾರವೆಲ್ಲ ಉಚ್ಚಾರವಾಗಬೇಕು. ಈಗ ಕರ್ನಾಟಕದ ನಲಿಕಲಿಯ ವಿಷಯ ನೋಡೋಣ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಶುರುವಾದ ಈ ಪದ್ಧತಿ ಅಆಇಈ ಕ್ರಮವನ್ನು ಬಿಟ್ಟು 'ರ ಗ ಸ ದ ಅ' ಎಂಬ ಗುಂಪಿನಿಂದ ಅಕ್ಷರ ಕಲಿಸಿತು. ಐದು ಅಕ್ಷರ ಬಂದ ಕೂಡಲೇ ಸರ, ದರ, ಅರಸ, ಅಗಸ, ದಸರ ಅಂತ ಪದ ಓದಬಹುದು, ಗುಣಿತವೂ ಬೇಡ ಒತ್ತೂ ಬೇಡ. ಬಹಳ ಜಾಣತನದ ಆಯ್ಕೆ ಅದು. ವರ್ಣಮಾಲೆಯ ಶಾಸ್ತ್ರೀಯ ಕ್ರಮ ಬಾಯಿಗೆ ಚೆಂದ, ಓದಿಗೆ ಹಾಗೇನೂ ಅಲ್ಲ ಎಂಬುದನ್ನು ಅದು ಕೆಲಸ ಮಾಡಿ ತೋರಿಸಿತು. ಆದರೆ ಇದೇ ಗುಂಪನ್ನು ಹಾಗೇ ಎತ್ತಿ ಜತ್ತ ತಾಲೂಕಿಗೆ ತಂದರೆ, ಮರಾಠಿ ಓದಿನ ರೂಢಿ ಇರುವ ಮಗು 'ಅರಸ'ವನ್ನು 'ಅರಸ್' ಅನ್ನುತ್ತದೆ, 'ಸರ'ವನ್ನು 'ಸರ್' ಅನ್ನುತ್ತದೆ. ಎದುರಿಗೆ ನಿಂತ ಮಾಸ್ತರರನ್ನೇ ಕರೆದ ಹಾಗಾಯಿತು! ಗುಣಿತವಿಲ್ಲದ ಪದಗಳೇ ಸುಲಭ ಎಂಬ ಸೂತ್ರ ಅಲ್ಲಿ ತಿರುಗಿ ಬೀಳುತ್ತದೆ. ಆ ಮಗುವಿಗೆ ಕೊನೆಯಲ್ಲಿ ಇ, ಉ ಇರುವ 'ಗಿಣಿ', 'ಗುರು' ಇಂಥವೇ ಹೆಚ್ಚು ನಿರಪಾಯ.

ಒತ್ತಕ್ಷರದ ವಿಷಯವನ್ನು ಇಲ್ಲಿಯೇ ಹೇಳಬೇಕು. 'ಅಕ್ಕಿ' ಎಂಬ ಪದದಲ್ಲಿ ಮೇಲೆ ಪೂರ್ಣವಾಗಿ ಕಾಣುವ ಕಕಾರಕ್ಕೆ ಸ್ವರವಿಲ್ಲ; ಕೆಳಗೆ ಚಿಕ್ಕದಾಗಿ ತೂಗುವ ಒತ್ತಿಗೆ ಸ್ವರವಿದೆ. ಅದಕ್ಕೆ ಸಾಲದೆಂಬಂತೆ ಒತ್ತಿಗೆ ಸೇರಬೇಕಾದ ಗುಡಿಸನ್ನು ಮೇಲಿನ ಅಕ್ಷರದ ತಲೆಯ ಮೇಲೆ ಬರೆಯುತ್ತೇವೆ. "ಕಕ್ಕೆ ಕ ಒತ್ತು ಕೊಟ್ಟು ಗುಡಿಸು" ಎಂದು ಕೈ ಬರೆಯುವ ಕ್ರಮ ಒಂದು, ಬಾಯಿ ಓದುವ ಕ್ರಮ ಇನ್ನೊಂದು. ಅರ್ಕಾವತ್ತಿನಲ್ಲಂತೂ ನಂತರ ಬರೆದದ್ದನ್ನು ಮೊದಲು ಓದಬೇಕು. ತೆಲುಗು ಓದುವ ಮಗುವಿಗೆ ಒತ್ತಿನ ಈ ರೀತಿ ಪರಿಚಿತ. ದೇವನಾಗರಿಯಲ್ಲಿ ಸ್ವರವಿಲ್ಲದ ಅಕ್ಷರವೇ ಅರ್ಧವಾಗಿ ಮೊದಲು ಬರುತ್ತದೆ, ಸ್ವರವಿರುವುದು ಪೂರ್ಣವಾಗಿ ಆಮೇಲೆ. ನೋಟಕ್ಕೂ ಓದಿಗೂ ಹೊಂದಿಕೆ ಇದೆ. ತಮಿಳಿನಲ್ಲಿ ಸ್ವರವಿಲ್ಲದ ಅಕ್ಷರದ ತಲೆಯ ಮೇಲೊಂದು ಪುಳ್ಳಿ ಇಟ್ಟರೆ ಮುಗಿಯಿತು. ಈ ಎರಡು ಕಡೆಯಿಂದ ಬಂದ ಮಗು 'ಅಕ್ಕಿ'ಯನ್ನು 'ಅಕಿಕ' ಎಂದು ಓದಿದರೆ ಅದು ದಡ್ಡತನವಲ್ಲ. ಇನ್ನೊಂದು ಲಿಪಿಯ ನ್ಯಾಯವನ್ನು ನಿಷ್ಠೆಯಿಂದ ಪಾಲಿಸಿದೆ. ಕನ್ನಡ ಓದು ಕಲಿಯುವ ಮಕ್ಕಳ ಬಗ್ಗೆ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ, ಕರ್ನಾಟಕದೊಳಗಿನ ಮಕ್ಕಳಿಗೂ ಅಕ್ಷರಸಂಪತ್ತು ಕೈವಶವಾಗಲು ನಾಲ್ಕನೆಯ ತರಗತಿಯವರೆಗೆ ಸಮಯ ಬೇಕು, ಅಕ್ಷರದೊಳಗಿನ ಬಿಡಿ ಧ್ವನಿಯ ಅರಿವು ಇನ್ನೂ ನಿಧಾನವಾಗಿ ಬರುತ್ತದೆ ಎಂದು ತೋರಿಸಿತ್ತು. ಎರಡು ಲಿಪಿಗಳ ಮಗುವಿನಿಂದ ಒಂದೇ ವರ್ಷದಲ್ಲಿ ಎಲ್ಲವನ್ನೂ ನಿರೀಕ್ಷಿಸುವವರು ಇದನ್ನು ನೆನೆಯಬೇಕು.

ಎರಡು ಲಿಪಿ ಎಂಬುದು ಈಗ ಗಡಿಯಾಚೆಯ ಮಗುವಿನ ಆಯ್ಕೆಯಲ್ಲ, ಕಾನೂನು. ತಮಿಳುನಾಡಿನಲ್ಲಿ 2006ರಲ್ಲಿ, ಕೇರಳದಲ್ಲಿ 2017ರಲ್ಲಿ, ತೆಲಂಗಾಣದಲ್ಲಿ 2018ರಲ್ಲಿ, ಮಹಾರಾಷ್ಟ್ರದಲ್ಲಿ 2020ರಲ್ಲಿ ರಾಜ್ಯಭಾಷೆಯ ಕಲಿಕೆಯನ್ನು ಶಾಲೆಗಳಲ್ಲಿ ಕಡ್ಡಾಯ ಮಾಡುವ ಕಾಯ್ದೆಗಳು ಬಂದವು. ಕಾಸರಗೋಡಿನಲ್ಲಿ ಅದರ ವಿರುದ್ಧ ಕನ್ನಡಿಗರು ಬೀದಿಗಿಳಿದರು. ಆ ರಾಜಕೀಯದ ಚರ್ಚೆಗೆ ಈ ವೇದಿಕೆ ಅಲ್ಲ. ಆದರೆ ಕಡ್ಡಾಯದ ವಿರುದ್ಧ ಬರೆದವರಲ್ಲೂ ಪರವಾಗಿ ಬರೆದವರಲ್ಲೂ ಹೆಚ್ಚಿನವರು ಎಷ್ಟು ಪಿರಿಯಡ್, ಯಾವ ಭಾಷೆಗೆ ಎಷ್ಟು ಅಂಕ ಅಂತ ಲೆಕ್ಕ ಹಾಕಿದರೇ ಹೊರತು, ಆರು ವರ್ಷದ ಮಗುವಿನ ಬೆರಳಿನ ತುದಿಯಲ್ಲಿ ಎರಡು ಲಿಪಿಗಳು ಭೇಟಿಯಾದಾಗ ಏನಾಗುತ್ತದೆ ಎಂದು ಕೇಳಲಿಲ್ಲ. ಅಂಕಲಿಪಿ ಬರೆದವರ ಕಣ್ಣ ಮುಂದೆ ಇರುವುದು ಇವತ್ತಿಗೂ ಒಂದೇ ಲಿಪಿಯ ಮಗು.

ಕಾಸರಗೋಡಿನ ಪ್ರಸಂಗ ಸ್ವಲ್ಪ ವಿಸ್ತಾರವಾಗಿ ನೋಡಲು ಯೋಗ್ಯ, ಯಾಕೆಂದರೆ ಅಲ್ಲಿ ಎರಡನೆಯ ಲಿಪಿ ನಿಜವಾಗಿ ಉಪಕಾರ ಮಾಡಬಲ್ಲದು. ನಮ್ಮ ವರ್ಣಮಾಲೆಯಲ್ಲಿ ಙ, ಞ ಎಂಬ ಎರಡು ಅಕ್ಷರಗಳಿವೆ. ಕನ್ನಡ ಮಗುವಿಗೆ ಅವುಗಳಿಂದ ಏನೂ ಪ್ರಯೋಜನವಿಲ್ಲ, ಪದ ಕೊಡಲು ಅಂಕಲಿಪಿಯವರಿಗೇ ಕಷ್ಟ. ಕೆಲವರು ಚಿತ್ರದ ಚೌಕವನ್ನೇ ಖಾಲಿ ಬಿಡುತ್ತಾರೆ. ನಾವು ವರ್ಗಾನುನಾಸಿಕಗಳ ಕೆಲಸವನ್ನೆಲ್ಲ ಸೊನ್ನೆಗೆ ಒಪ್ಪಿಸಿದ್ದೇವೆ. ಅಂಗಡಿ, ಅಂಚು, ಅಂಟು, ಅಂದ, ಅಂಬು, ಈ ಐದರಲ್ಲಿ ಸೊನ್ನೆ ಒಂದೇ, ಧ್ವನಿ ಐದು. ಅದರ ಹೆಸರಾದರೋ ಲೆಕ್ಕದ ಪೂಜ್ಯಕ್ಕೆ ಹೇಳುವ ಅದೇ 'ಸೊನ್ನೆ'; ಧ್ವನಿಯ ಬಗ್ಗೆ ಒಂದು ಮಾತೂ ಹೇಳದ ಹೆಸರು. ಮಲಯಾಳಂನಲ್ಲಿ ಹಾಗಿಲ್ಲ. ಅಲ್ಲಿ ಸೊನ್ನೆಗೆ ಮಕಾರದ ಧ್ವನಿ ಮಾತ್ರ. ಉಳಿದ ಕಡೆ ಆಯಾ ಅನುನಾಸಿಕವನ್ನೇ ಬರೆಯುತ್ತಾರೆ. ಹಾಗಾಗಿ ಮಲಯಾಳಂ ಓದುವ ಮಗು 'ಅಂಗಡಿ'ಯ ಸೊನ್ನೆಗೆ ಮ್ ಅಂದರೆ ಆಶ್ಚರ್ಯವಿಲ್ಲ. ಆದರೆ ಇದೇ ಮಗುವಿಗೆ ಞಕಾರ ಸತ್ತ ಅಕ್ಷರವಲ್ಲ. ಮಲಯಾಳಂನಲ್ಲ 'ನಾನು' ಎಂಬುದಕ್ಕೆ 'ಞಾನ್' ಅನ್ನುತ್ತಾರೆ. ದಿನಕ್ಕೆ ನೂರು ಸಲ ಬಾಯಲ್ಲಿ ಬರುವ ಪದ! ಕರ್ನಾಟಕದಲ್ಲಿ ಯಾರೂ ಸರಿಯಾಗಿ ಉಚ್ಚರಿಸದ, 'ಜ್ಞ'ದ ಜೊತೆ ಗಲಿಬಿಲಿ ಮಾಡಿಕೊಳ್ಳುವ ಅಕ್ಷರವನ್ನು ಕಾಸರಗೋಡಿನ ಮಗು ಸಹಜವಾಗಿ ನುಡಿಯಬಲ್ಲದು. ಆ ಪಟದಲ್ಲಿ ಖಾಲಿ ಚೌಕದ ಬದಲು 'ಞಾನ್' ಅಂತ ಕನ್ನಡ ಅಕ್ಷರದಲ್ಲಿ ಬರೆಯಲು ಅಡ್ಡಿಯೇನು? ಕನ್ನಡ ಪದವಲ್ಲ ಎಂಬ ಆಕ್ಷೇಪ ಬರಬಹುದು. ಋಷಿಯೂ ಔಷಧವೂ ಎಲ್ಲಿಂದ ಬಂದವು ಅಂತ ಆಗ ಕೇಳಬೇಕಾಗುತ್ತದೆ.

ಪದದ ಕೊನೆಯ ಚಿಹ್ನೆಯ ವಿಷಯ ಇದಕ್ಕೆ ವಿರುದ್ಧ. ಕನ್ನಡದಲ್ಲಿ 'ನ್' ಎಂದು ಬರೆದರೆ ಸ್ವರವಿಲ್ಲದ ಶುದ್ಧ ವ್ಯಂಜನ. ಮಲಯಾಳಂನ ಚಂದ್ರಕ್ಕಲ ಪದಾಂತ್ಯದಲ್ಲಿ ಬಂದರೆ ಅರ್ಧ ಉಕಾರ. ತುಳುವಿನಲ್ಲೂ ಆ ಅರ್ಧ ಉಕಾರವಿದೆ, ಕನ್ನಡ ಲಿಪಿಯಲ್ಲಿ ತುಳು ಬರೆಯುವವರು ಅದಕ್ಕೆ ಏನು ಗುರುತು ಹಾಕಬೇಕೆಂದು ಒಬ್ಬೊಬ್ಬರು ಒಂದೊಂದು ರೀತಿ ತೀರ್ಮಾನಿಸಿಕೊಂಡಿದ್ದಾರೆ. 'ಊರು' ಎಂಬ ಕನ್ನಡ ಪದದ ಕೊನೆಗೆ ಪೂರ್ಣ ಉಕಾರ ಹೇಳಬೇಕು ಅಂತ ಅಲ್ಲಿಯ ಮಗುವಿಗೆ ಬಿಡಿಸಿ ಹೇಳದಿದ್ದರೆ ಅದು 'ಊರ್' ಅಂತ ಬರೆಯುತ್ತದೆ, ಕಿವಿಗೆ ಕೇಳಿಸಿದ್ದನ್ನು.

ಕೇರಳದ ಅನುಭವದಿಂದ ಮತ್ತೊಂದು ಪಾಠವೂ ಇದೆ. 1994ರಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಯೋಜನೆ ಬಂದಾಗ ಕೇರಳದಲ್ಲಿ ಮೊದಲು ಆರಿಸಿದ ಜಿಲ್ಲೆಗಳಲ್ಲಿ ಕಾಸರಗೋಡು, ವಯನಾಡು ಎರಡೂ ಇದ್ದವು. ಆ ಕಾಲದಿಂದ ಅಲ್ಲಿ ಅಕ್ಷರದಿಂದ ಪದಕ್ಕೆ ಹೋಗುವ ಬದಲು ಆಶಯದಿಂದ, ವಾಕ್ಯದಿಂದ ಅಕ್ಷರಕ್ಕೆ ಬರುವ ರೀತಿ ಬಲವಾಯಿತು. 2022ರಲ್ಲಿ ಪಠ್ಯಪುಸ್ತಕದಲ್ಲಿ ಅಕ್ಷರಮಾಲೆಯೇ ಇಲ್ಲವೆಂದು ದೊಡ್ಡ ಗದ್ದಲವಾಗಿ ಅಕ್ಷರಮಾಲೆ ಮತ್ತೆ ಪುಸ್ತಕ ಸೇರಿತು. ವಾಕ್ಯಪದ್ಧತಿ ಮನೆಯಲ್ಲಿ ಅದೇ ಭಾಷೆ ಆಡುವ ಮಗುವಿಗೆ ಹಿತ; ವಾಕ್ಯದ ಅರ್ಥ ಅದಕ್ಕೆ ಮೊದಲೇ ಗೊತ್ತಿರುತ್ತದೆ. ಕನ್ನಡವನ್ನು ಶಾಲೆಯಲ್ಲೇ ಮೊದಲು ಕೇಳುವ ತುಳು, ಮಲಯಾಳಂ, ಕೊಂಕಣಿ ಮನೆಯ ಮಗುವಿಗೆ ಅರ್ಥವೂ ಹೊಸದು, ಅಕ್ಷರವೂ ಹೊಸದು. ಅಂಥ ಮಗುವಿನ ಕೈಗೆ ಅಕ್ಷರ ಎಂಬ ಊರುಗೋಲನ್ನು ಬೇಗ ಕೊಡಬೇಕು ಎಂದೇ ನನ್ನ ಅಭಿಪ್ರಾಯ. ಇದನ್ನು ಹಳೆಯ ಕಾಲದವರ ಮಾತು ಅಂತ ತಳ್ಳಿಹಾಕುವವರಿದ್ದಾರೆ, ತಳ್ಳಲಿ.

ಮಹಾಪ್ರಾಣದ ಚರ್ಚೆಗೆ ಬರೋಣ. ಕೇಶಿರಾಜ 13ನೆಯ ಶತಮಾನದಲ್ಲೇ ಅಚ್ಚಗನ್ನಡದ ವರ್ಣಗಳು 47 ಎಂದು ಎಣಿಸಿ ಸಂಸ್ಕೃತದ ಕೆಲವನ್ನು ಹೊರಗಿಟ್ಟಿದ್ದ. ನಮ್ಮ ಕಾಲದಲ್ಲಿ ಡಿ.ಎನ್. ಶಂಕರ ಭಟ್ಟರು ಕನ್ನಡಿಗರ ಬಾಯಲ್ಲಿ ಇಲ್ಲದ ಮಹಾಪ್ರಾಣಗಳನ್ನು ಬರಹದಿಂದಲೂ ಬಿಡಬಹುದು ಎಂದು ವಾದಿಸಿದರು. ಓದು ಕಲಿಯುವ ಮಗುವಿನ ಹೊರೆ ಇಳಿಸುವುದು ಆ ವಾದದ ಜೀವ, ಅದನ್ನು ಹಗುರವಾಗಿ ಕಾಣುವಂತಿಲ್ಲ. ತಾಳವಾಡಿಯ ಮಗುವಿನ ಮಟ್ಟಿಗೆ ಅದು ನೂರಕ್ಕೆ ನೂರು ಒಪ್ಪುತ್ತದೆ. ಅದರ ಮನೆಮಾತಿನಲ್ಲಿ ಮಹಾಪ್ರಾಣವಿಲ್ಲ, ಪಕ್ಕದ ತಮಿಳು ಲಿಪಿಯಲ್ಲಂತೂ ಖ, ಗ, ಘಗಳಿಗೆ ಬೇರೆ ಅಕ್ಷರವೇ ಇಲ್ಲ. ಆದರೆ ಅದೇ ವಾದವನ್ನು ಅಕ್ಕಲಕೋಟೆಗೆ ಹೊತ್ತೊಯ್ಯುವಂತಿಲ್ಲ. ಅಲ್ಲಿಯ ದ್ವಿಭಾಷಿಕ ಮಗು 'ಘರ', 'ಭಾಕರಿ', 'ಖಿಡಕಿ' ಎಂದು ಮಹಾಪ್ರಾಣಗಳನ್ನು ಬಾಯಿ ತುಂಬ ಆಡುತ್ತದೆ. ಅದಕ್ಕೆ 'ಭ' ಕಲಿಸಲು ಅಂಕಲಿಪಿಯವರು ಭರಣಿಯ ಚಿತ್ರ ಹಾಕುವುದಕ್ಕಿಂತ ಭಾಕರಿಯ ಚಿತ್ರ ಹಾಕಿದರೆ ಹೊಟ್ಟೆಗೂ ಹತ್ತಿರ. ಮಹಾಪ್ರಾಣ ಕನ್ನಡ ಬಾಯಿಗೆ ಪರಕೀಯ ಎಂಬ ಹೇಳಿಕೆ ದಕ್ಷಿಣದ ಗಡಿಯಲ್ಲಿ ಧ್ವನಿಶಾಸ್ತ್ರ, ಉತ್ತರದ ಗಡಿಯಲ್ಲಿ ಬರೀ ಊಹೆ. ಒಂದೇ ಕನ್ನಡಕ್ಕೆ ಒಂದೇ ಮದ್ದು ಎಂಬ ಮನೋಭಾವ ಶಿಷ್ಟಭಾಷೆಯವರಲ್ಲಿ ಇರುವಷ್ಟೇ ಅದನ್ನು ವಿರೋಧಿಸುವವರಲ್ಲೂ ಇದೆ ಎಂಬುದಕ್ಕೆ ಇದೊಂದು ನಿದರ್ಶನ.

ನೀಲಗಿರಿಯ ಬಡಗರ ಮಾತನ್ನು ಇಲ್ಲಿ ಸೇರಿಸಿಕೊಳ್ಳಬೇಕೇ ಬೇಡವೇ ಎಂಬುದು ಬೇರೆ ವಿವಾದ. ಎಮೆನೊ 1939ರಲ್ಲಿ ವಿವರಿಸಿದ ಅದರ ಮೂರ್ಧನ್ಯ ಸ್ವರಗಳಿಗೆ ಕನ್ನಡದಲ್ಲೂ ಅಕ್ಷರವಿಲ್ಲ, ತಮಿಳಿನಲ್ಲೂ ಇಲ್ಲ ಎಂದಷ್ಟೇ ಹೇಳಿ ಮುಂದುವರಿಯುತ್ತೇನೆ.

ಈಗ ಪರೀಕ್ಷೆಯ ವಿಷಯ, ಯಾಕೆಂದರೆ ಪೆಟ್ಟು ಬೀಳುವುದು ಅಲ್ಲೇ. 2005ರಿಂದ ನಡೆದುಬಂದ ಅಸರ್ ಸಮೀಕ್ಷೆಯಲ್ಲಿ ಐದು ಅಕ್ಷರಗಳಲ್ಲಿ ನಾಲ್ಕನ್ನು ಗುರುತಿಸಿದರೆ ಮಗುವಿಗೆ ಅಕ್ಷರ ಬರುತ್ತದೆ ಎಂದು ಲೆಕ್ಕ. 2021ರ ನಿಪುಣ್ ಭಾರತ್ ಯೋಜನೆ ಬಂದ ಮೇಲೆ ನಿಮಿಷಕ್ಕೆ ಎಷ್ಟು ಪದ ಸರಿಯಾಗಿ ಓದುತ್ತಾನೆ ಎಂಬ ಎಣಿಕೆಯೂ ಶಾಲೆಗೆ ಬಂತು. ಎಣಿಸುವುದು ತಪ್ಪಲ್ಲ. 'ಸರಿಯಾಗಿ' ಎಂಬ ಪದಕ್ಕೆ ಗಡಿಯಾಚೆ ಅರ್ಥವೇನು ಎಂಬುದು ಪ್ರಶ್ನೆ. ಪುಸ್ತಕದಲ್ಲಿ 'ಮನೆ' ಅಂತ ಇದೆ, ಜತ್ತದ ಹುಡುಗಿ 'ಮನಿ' ಅಂತ ಓದುತ್ತಾಳೆ. ಅವಳು ಅಕ್ಷರವನ್ನು ನೋಡಿದ್ದಾಳೆ, ಪದವನ್ನು ಗುರುತಿಸಿದ್ದಾಳೆ, ಅರ್ಥ ಮಾಡಿಕೊಂಡಿದ್ದಾಳೆ, ತನ್ನ ಮಾತಿಗೆ ತಿರುಗಿಸಿ ಹೇಳಿದ್ದಾಳೆ. ಇದು ಓದಿನ ತಪ್ಪಲ್ಲ, ಓದಿನ ಪುರಾವೆ. ಅಕ್ಷರ ಅಕ್ಷರ ಕೂಡಿಸಿ 'ಮ-ನೆ' ಎಂದು ಒದರಿ ಅರ್ಥ ಹೇಳಲಾರದ ಮಗುವಿಗಿಂತ ಅವಳು ಮುಂದಿದ್ದಾಳೆ. ಅದೇ ಹುಡುಗಿ 'ಕೆರೆ'ಯನ್ನು 'ಕೇರಿ' ಅಂದರೆ ಅದು ನಿಜವಾದ ತಪ್ಪು, ತಿದ್ದಬೇಕಾದದ್ದು. ಎರಡನ್ನೂ ಒಂದೇ ಕೆಂಪು ಗೆರೆಯಿಂದ ಹೊಡೆಯುವ ಪರೀಕ್ಷಕರಿಗೆ ಆ ವ್ಯತ್ಯಾಸ ಗೊತ್ತಾಗಬೇಕಾದರೆ ಅವರ ಕೈಯಲ್ಲಿ ಆ ತಾಲೂಕಿನ ಧ್ವನಿಬದಲಾವಣೆಗಳ ಒಂದು ಪುಟದ ಪಟ್ಟಿ ಇರಬೇಕು. ಆ ಪುಟವನ್ನು ಬರೆಯಬಲ್ಲವರು ಈ ಸಂಕಿರಣದಲ್ಲಿ ಕೂತವರೇ. ಸಣ್ಣ ಪುಟ ನೋಡಿ, ಅದಕ್ಕೆ ಡಾಕ್ಟರೇಟು ಬರುವುದಿಲ್ಲ.

ಕನ್ನಡ ಶಾಲೆ ಇರುವ ಊರುಗಳಲ್ಲಿ ಇದರ ಪರಿಣಾಮ ಬರೀ ಅಂಕಪಟ್ಟಿಯಲ್ಲಿ ನಿಲ್ಲುವುದಿಲ್ಲ. "ಮಗೂಗೆ ಕನ್ನಡಾನೇ ಬರ್ತಿಲ್ಲ, ಇನ್ಯಾಕೆ ಕನ್ನಡ ಶಾಲೆ?" ಅಂತ ತಂದೆತಾಯಿ ಪಕ್ಕದ ಮಾಧ್ಯಮಕ್ಕೆ ಹಾಕಲು ಒಂದು ವರ್ಷದ ಕೆಂಪು ಗೆರೆಗಳು ಸಾಕು. ತಮ್ಮ ಮನೆಯ ಕನ್ನಡವೇ ಕನ್ನಡವಲ್ಲ ಎಂಬ ಭಾವನೆಯನ್ನು ಗಡಿಯಾಚೆಯ ಕನ್ನಡಿಗರಲ್ಲಿ ಹುಟ್ಟಿಸುವುದು ಪಕ್ಕದ ಭಾಷೆಯವರೊಬ್ಬರೇ ಅಲ್ಲ. ನಮ್ಮ ಅಂಕಲಿಪಿಯೂ ಆ ಕೆಲಸ ಮಾಡುತ್ತಿದೆ.

ಹಾಗಾದರೆ ತಾಲೂಕಿಗೊಂದು ಕಾಗುಣಿತ ಮಾಡೋಣವೇ? ಮಗು ಆಡಿದ ಹಾಗೇ ಬರೆಯಲಿ ಎಂಬ ಮಾತು ಉಪಭಾಷಾ ಸಂಕಿರಣಗಳಲ್ಲಿ ಆಗಾಗ ಕೇಳಿಬರುತ್ತದೆ, ಚಪ್ಪಾಳೆಯೂ ಸಿಗುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. 'ಮನಿ' ಅಂತ ಅಚ್ಚು ಹಾಕಿದ ಪುಸ್ತಕ ಓದಿದ ಅಕ್ಕಲಕೋಟೆಯ ಮಗುವಿಗೆ ಉಳಿದ ಕನ್ನಡ ಪುಸ್ತಕಗಳ ಬಾಗಿಲು ಮುಚ್ಚುತ್ತದೆ. ಗಡಿಯಾಚೆ ಇರುವವರಿಗೆ ಆ ಬಾಗಿಲೇ ಆಸ್ತಿ. ಬರಹ ಒಂದೇ ಇರಲಿ. ಬದಲಾಗಬೇಕಾದದ್ದು ಮೂರ್ನಾಲ್ಕು ಸಂಗತಿ: ಯಾವ ಅಕ್ಷರ ಮೊದಲು, ಯಾವುದಕ್ಕೆ ಯಾವ ಚಿತ್ರ, ಚಿಹ್ನೆಗೆ ಯಾವ ಹೆಸರು, ಯಾವುದನ್ನು ತಪ್ಪು ಅನ್ನಬೇಕು. ಪುಣೆಯ ಬಾಲಭಾರತಿ ಹೇಗೂ ಮಹಾರಾಷ್ಟ್ರದ ಕನ್ನಡ ಶಾಲೆಗಳಿಗೆ ಬೇರೆ ಪುಸ್ತಕ ಅಚ್ಚು ಹಾಕುತ್ತದೆ, ಕೇರಳದವರೂ ಬೇರೆ ಹಾಕುತ್ತಾರೆ. ಪುಸ್ತಕ ಬೇರೆಯಾಗಿಯೂ ಒಳಗಿನ ಇಲಿ ಮಾತ್ರ ಎಲ್ಲ ಕಡೆ ಅದೇ ಯಾಕಿರಬೇಕು?

ಚಿತ್ರ ಬದಲಾಯಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂದೂ ಅಲ್ಲ. ತಾಳವಾಡಿ ಕಡೆಯ ಮಾತು ಚಾಮರಾಜನಗರ ಸೀಮೆಯ ಮಾತಿನ ಮುಂದುವರಿಕೆ. ಅಲ್ಲಿ ಪದದ ಮೊದಲ ಹಕಾರ ಬಿದ್ದುಹೋಗಿದೆ. ಹಾಲು ಆಲು, ಹಲ್ಲು ಅಲ್ಲು, ಹೂವು ಊವು, ಹಸು ಅಸ. 'ಹ' ಅಕ್ಷರಕ್ಕೆ ಯಾವ ಚಿತ್ರ ಹಾಕಿದರೂ ಅದರ ಹೆಸರು ಸ್ವರದಿಂದಲೇ ಶುರುವಾಗುತ್ತದೆ. ಒತ್ತಾಯ ಮಾಡಿದರೆ ಮಗು ಆನೆಗೂ 'ಹಾನೆ' ಅನ್ನುತ್ತದೆ, ಅಕ್ಕಿಗೂ 'ಹಕ್ಕಿ' ಅನ್ನುತ್ತದೆ. ಅಲ್ಲಿ ಹಕಾರವನ್ನು ಮೊದಲ ಚಿತ್ರಪಟದಿಂದ ತೆಗೆದು, ಮಗು ಹತ್ತಿಪ್ಪತ್ತು ಅಕ್ಷರ ಓದಲು ಕಲಿತ ಮೇಲೆ, ಒಂದು ಜೋಡಿ ಚಿತ್ರದಿಂದ ಕಲಿಸುವುದು ಮೇಲು. ಒಂದು ಕಡೆ ಮೊರದಲ್ಲಿ ಅಕ್ಕಿ, ಇನ್ನೊಂದು ಕಡೆ ಕೊಂಬೆಯ ಮೇಲೆ ಹಕ್ಕಿ. "ಮನೇಲಿ ನೀವು ಎರಡಕ್ಕೂ ಅಕ್ಕಿ ಅಂತೀರಿ, ಅನ್ನಿ. ಪುಸ್ತಕದಲ್ಲಿ ಹಾರೋದಕ್ಕೆ ಈ ಅಕ್ಷರ" ಅಂತ ಮೇಷ್ಟ್ರು ಹೇಳಬಹುದು.